ಪೌಡರ್ ಡಬ್ಬಿಯೊಳಗಿನ ಮಾತ್ರೆ

ಅಕ್ಕನ ಮದುವೆಯಾಗಿ ಐದನೆಯ ದಿನ. 1996ರ ಮೇ ತಿಂಗಳು. ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ. ಎದುರು ಮನೆಗೆ ಬಂದ ಫೋನಿನ ಸುದ್ದಿ ಹೊತ್ತು ಆ ಮನೆಯ ಹುಡುಗ ಓಡಿಬಂದ: ‘ಅಕ್ಕ ಒಲೆ ಮುಂದೆ ಬಿದ್ದೋಗವ್ಳಂತೆ, ಕೈಕಾಲು ಸೆಟ್ಕಂಡದಂತೆ, ಬೇಗ ಬರ್ಬೇಕಂತೆ.’ ಅಕ್ಕಿ ಕೇರುತ್ತಿದ್ದ ಅಮ್ಮ ಮೊರ ಕೈಬಿಟ್ಟಳು. ಏನಾಗಿದೆಯೆಂದು ನಮ್ಮ ಮನೆಯ ಮೂವರಿಗೂ ಆ ಕ್ಷಣಕ್ಕೇ ಗೊತ್ತಾಯಿತು. ಅಕ್ಕನ ಗಂಡನ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳಿಗೆ ಹೈಸ್ಕೂಲಿನಲ್ಲಿದ್ದಾಗಲೇ ಶುರುವಾಗಿತ್ತು. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಇದ್ದಕ್ಕಿದ್ದಂತೆ ಎಗರುವುದು, ಹಿಡಿದ ಕಾಫಿ ಲೋಟ ಹಾರಿ ಬೀಳುವುದು. ‘ಕೈಲಿ ಜೀವ ಇಲ್ವೇನೇ’ ಎಂದು ಅಮ್ಮ ಬೈಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ರಾತ್ರಿಯಿಡೀ ಓದಿದ ಮಾರನೆಯ ಬೆಳಿಗ್ಗೆ ಬಚ್ಚಲಮನೆಯ ಹೊಸ್ತಿಲಲ್ಲಿ ದೊಡ್ಡದಾಗಿ ಫಿಟ್ಸ್ ಬಂತು. ಮೈಸೂರಿನ ಡಾಕ್ಟರೊಬ್ಬರು ಲೋಟ ಬೀಳುವ ಕಥೆ ಕೇಳಿದ ಕೂಡಲೇ ತಲೆಯಾಡಿಸಿದರು. ಇಇಜಿ ಮಾಡಿಸಿ, ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಮಯೊಕ್ಲೋನಿಕ್ ಬಗೆಯ ಮೂರ್ಛೆ ಇದು ಎಂದು ಹೇಳಿ ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಅಲ್ಲಿಂದ ಮದುವೆಯವರೆಗೆ ಅವಳಿಗೆ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ.

ಗಂಡಿನ ಕಡೆಯವರಿಗೆ ಹೇಳುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಮಾತ್ರೆಯ ಹೆಸರು ಯಾರ ಕಣ್ಣಿಗೂ ಬೀಳದಿರಲೆಂದು ಅಮ್ಮ ಎರಡು ತಿಂಗಳ ಮಾತ್ರೆಯನ್ನು ಸ್ಟ್ರಿಪ್‌ನಿಂದ ಒಂದೊಂದಾಗಿ ಬಿಡಿಸಿ, ಖಾಲಿ ಪೌಡರ್ ಡಬ್ಬಿಗೆ ತುಂಬಿ, ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು ಕಳಿಸಿದ್ದಳು. ನಾವು ಹೋಗಿ ಆ ಡಬ್ಬಿ ತೆಗೆದಾಗ ಮಾತ್ರೆಗಳು ಮೆತ್ತಗಾಗಿ, ಬೇಸಿಗೆಯಲ್ಲಿ ಕರಗಿದ ಪೆಪ್ಪರ್‌ಮೆಂಟಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ವಾಲ್ಪ್ರೊಯೇಟ್ ಗಾಳಿಯ ತೇವ ಹೀರಿಕೊಳ್ಳುವ ಔಷಧ. ನುಂಗುವ ಹೊತ್ತಿನವರೆಗೂ ಸ್ಟ್ರಿಪ್‌ನೊಳಗೇ ಇರಬೇಕು. ಅದು ನಮಗೆ ಗೊತ್ತಿರಲಿಲ್ಲ. ಆದರೆ ಫಿಟ್ಸ್‌ಗೆ ಕಾರಣ ಅದೂ ಅಲ್ಲ. ಎಣಿಸಿ ನೋಡಿದೆವು. ಐದು ದಿನಕ್ಕೆ ಕಡಿಮೆಯೆಂದರೂ ಒಂಬತ್ತು ಮಾತ್ರೆ ಖರ್ಚಾಗಬೇಕಿತ್ತು. ಖರ್ಚಾಗಿದ್ದು ಮೂರು.

‘ಟ್ರಂಕು ಅತ್ತೆ ಮಲಗೋ ರೂಮಲ್ಲಿತ್ತು. ನೀರು ಕುಡಿಯೋಕೂ ಅಡಿಗೆಮನೆಗೆ ಹೋಗ್ಬೇಕು, ಅಲ್ಲಿ ಯಾವಾಗ್ಲೂ ಜನ. ಏನು ಮಾತ್ರೆ ಅಂದ್ರೆ ಏನು ಹೇಳ್ಲಿ?’ ಎಂದಳು ಅಕ್ಕ. ಚಪ್ಪರ, ಧಾರೆ, ಬೀಗರೂಟ ಎಂದು ನಾಲ್ಕು ರಾತ್ರಿ ನಿದ್ದೆಯೂ ಇರಲಿಲ್ಲ. ಮಾತ್ರೆ ತಪ್ಪಿ, ನಿದ್ದೆಯೂ ಕೆಟ್ಟರೆ ಅವಳ ಬಗೆಯ ಮೂರ್ಛೆಗೆ ಬೇರೇನೂ ಬೇಕಿಲ್ಲ.

ಫಿಟ್ಸ್ ಮಾತ್ರೆಯ ಬಗ್ಗೆ ಜನ ಆಡುವ ಭಯದ ಮಾತುಗಳನ್ನು ಅವತ್ತಿನಿಂದ ಇವತ್ತಿನವರೆಗೆ ಬೇಕಾದಷ್ಟು ಕೇಳಿದ್ದೇನೆ. ಅದು ಹೀಟು, ಕಿಡ್ನಿ ಹೋಗುತ್ತೆ, ಬುದ್ಧಿ ಮಂಕಾಗುತ್ತೆ, ಅಭ್ಯಾಸ ಆಗಿಬಿಡುತ್ತೆ. ಮಾತ್ರೆಗೆ ಅದರದೇ ಆದ ಅಪಾಯಗಳು ಖಂಡಿತ ಇವೆ, ಅವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆದರೆ ನಾನು ಕಣ್ಣಾರೆ ಕಂಡ ಅನಾಹುತಗಳಲ್ಲಿ ಹೆಚ್ಚಿನವು ಮಾತ್ರೆ ನುಂಗಿದ್ದರಿಂದ ಆದವಲ್ಲ. ನುಂಗದೆ ಬಿಟ್ಟಿದ್ದರಿಂದ ಆದವು. ನುಂಗದೆ ಬಿಟ್ಟಿದ್ದಕ್ಕೆ ಹೆಚ್ಚಿನ ಸಲ ಕಾರಣ, ಅದನ್ನು ಯಾರಿಗೂ ಕಾಣದ ಹಾಗೆ ನುಂಗಬೇಕಿತ್ತು ಎನ್ನುವುದು.

ಒಡ್ಡಿನಂಥ ಔಷಧ

ಜ್ವರದ ಮಾತ್ರೆಯನ್ನು ಜ್ವರ ಬಂದಾಗ ನುಂಗುತ್ತೇವೆ, ಬಿಟ್ಟ ಮೇಲೆ ನಿಲ್ಲಿಸುತ್ತೇವೆ. ಫಿಟ್ಸ್ ಮಾತ್ರೆ ಆ ಲೆಕ್ಕದ್ದಲ್ಲ. ಮೆದುಳಿನ ನರಕೋಶಗಳು ಒಂದರ ಜತೆ ಒಂದು ವಿದ್ಯುತ್ತಿನ ಸಣ್ಣ ಮಿಡಿತಗಳಲ್ಲಿ ಮಾತಾಡಿಕೊಳ್ಳುತ್ತವೆ. ಆ ಮಿಡಿತ ಹದ ತಪ್ಪಿ ಒಟ್ಟಿಗೇ ನುಗ್ಗಿದಾಗ ಬರುವುದು ಫಿಟ್ಸ್. ಮಾತ್ರೆ ಆ ನುಗ್ಗುವಿಕೆಗೆ ಕಟ್ಟಿದ ಒಡ್ಡು. ರಕ್ತದಲ್ಲಿ ಅದರ ಮಟ್ಟ ಹಗಲೂ ರಾತ್ರಿ ಒಂದು ಹದಕ್ಕೆ ನಿಂತಿರಬೇಕು. ಲೆವೆಟಿರಾಸಿಟಮ್‌ನಂಥ ಔಷಧ ಆರೇಳು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಹಳೆಯ ಫಿನೋಬಾರ್ಬಿಟೋನ್ ಅರ್ಧವಾಗಲು ಮೂರು ನಾಲ್ಕು ದಿನ ಬೇಕು. ಆದ್ದರಿಂದಲೇ ಕೆಲವು ಮಾತ್ರೆ ದಿನಕ್ಕೊಂದು, ಕೆಲವು ಎರಡು ಹೊತ್ತು. ‘ಎರಡು ಹೊತ್ತು’ ಎಂದರೆ ತಿಂಡಿಗೊಂದು ಊಟಕ್ಕೊಂದು ಅಲ್ಲ, ಹನ್ನೆರಡು ಗಂಟೆಯ ಅಂತರದಲ್ಲಿ.

ಎರಡು ಮೂರು ವರ್ಷ ಫಿಟ್ಸ್ ಬರದಿದ್ದಾಗ ‘ವಾಸಿಯಾಯ್ತು, ಇನ್ಯಾಕೆ’ ಎನಿಸುವುದು ಸಹಜ. ಬಂದಿಲ್ಲ ಎನ್ನುವುದು ಒಡ್ಡು ಗಟ್ಟಿಯಿದೆ ಎಂಬುದರ ಗುರುತು, ಹೊಳೆ ಬತ್ತಿದೆ ಎಂಬುದರ ಗುರುತಾಗಬೇಕಿಲ್ಲ. ಕೆಲವರಿಗೆ ಮಾತ್ರೆ ನಿಲ್ಲಿಸಬಹುದು, ನಿಲ್ಲಿಸುತ್ತಾರೆ ಕೂಡ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದಿದ್ದ ಮೇಲೆ, ಡಾಕ್ಟರು ಲೆಕ್ಕ ಹಾಕಿ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಒಂದೊಂದೇ ಮೆಟ್ಟಿಲು ಇಳಿಸುತ್ತಾರೆ. ಅಕ್ಕನಂಥ ಬಗೆಗೆ ಬಹುಪಾಲು ಜೀವಮಾನವಿಡೀ ಬೇಕು. ಒಮ್ಮೆಲೇ ನಿಲ್ಲಿಸಿದರೆ, ಅದರಲ್ಲೂ ಫಿನೋಬಾರ್ಬಿಟೋನ್, ಕ್ಲೋಬಜಾಮ್‌ನಂಥವನ್ನು ನಿಲ್ಲಿಸಿದರೆ, ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಹಿಂದೊಂದು ಬರಬಹುದು. ಐದು ನಿಮಿಷ ದಾಟಿಯೂ ನಿಲ್ಲದ ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು.

ಒಂದು ಹೊತ್ತು ಮರೆತರೆ? ನೆನಪಾದ ಕೂಡಲೇ ನುಂಗುವುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಎರಡನ್ನೂ ಒಟ್ಟಿಗೆ ನುಂಗದೆ ಆ ಹೊತ್ತಿನದನ್ನಷ್ಟೇ ನುಂಗುವುದು. ಇದು ಸಾಮಾನ್ಯವಾಗಿ ಹೇಳುವ ಮಾತು. ನಿಮ್ಮ ಮಾತ್ರೆಗೆ ಯಾವುದು ಸರಿ ಎಂದು ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ. ವಾಂತಿಯಾದರೆ ಏನು ಮಾಡಬೇಕು, ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕೆಂದಾಗ ಬೆಳಗಿನ ಮಾತ್ರೆ ಏನಾಗಬೇಕು, ಇವನ್ನೂ ಆಗಲೇ ಕೇಳಿ. ಏಕಾದಶಿ, ರಂಜಾನ್ ಉಪವಾಸಗಳಲ್ಲಿ ಮಾತ್ರೆಯನ್ನೂ ಬಿಡುವವರಿದ್ದಾರೆ. ಮಾತ್ರೆಯ ಹೊತ್ತನ್ನು ಹೊಂದಿಸಲು ಆಗುತ್ತದೋ ಇಲ್ಲವೋ ಎಂದು ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕೇಳಿದರೆ ಡಾಕ್ಟರು ಬೈಯುವುದಿಲ್ಲ. ಶಿವರಾತ್ರಿ ಜಾಗರಣೆ ಮಾತ್ರ ಅಕ್ಕನಂಥವರಿಗೆ ಬೇಡವೇ ಬೇಡ.

ಮಾತ್ರೆ ಸರಿಯಾಗಿ ನುಂಗಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದ ಸೀಮೆಯದೇ ಸಾಕ್ಷಿಯಿದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಜತೆಗಾರರು ಹಳ್ಳಿಗರಿಗೆ ಫಿನೋಬಾರ್ಬಿಟೋನ್, ಫಿನಿಟಾಯಿನ್‌ನಂಥ ತೀರಾ ಅಗ್ಗದ ಹಳೆಯ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಸ್ಕ್ಯಾನಿಂಗ್ ಇಲ್ಲದ, ದೊಡ್ಡಾಸ್ಪತ್ರೆಯಿಲ್ಲದ ಕಡೆಯಲ್ಲೂ ಈ ಮಾತ್ರೆಗಳಿಂದ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸರಿಯಾದ ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗವಿರುವ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಜನರಿಗೆ ಈ ಕಾಯಿಲೆ ಕಂಡುಬಂದಿತ್ತು. ನಗರಕ್ಕಿಂತ ಹಳ್ಳಿಯಲ್ಲಿ ಎರಡು ಪಟ್ಟು. ಅಂದರೆ ಇದು ಎಲ್ಲೋ ಒಬ್ಬರ ಮನೆಯ ಗುಟ್ಟಲ್ಲ. ಸಾವಿರ ಜನರ ಯಾವ ಊರಿನಲ್ಲಾದರೂ ಎಂಟು ಹತ್ತು ಮನೆಯಲ್ಲಿ ಪೌಡರ್ ಡಬ್ಬಿಗಳಿವೆ.

ಅಂಗಡಿಯ ಕಟ್ಟೆಯ ಮುಂದೆ

‘ಆ ಕಂಪನಿದು ಇಲ್ಲ, ಇದೂ ಅದೇ, ತಗೊಳ್ಳಿ.’ ಮೆಡಿಕಲ್ ಸ್ಟೋರಿನಲ್ಲಿ ಈ ಮಾತು ಕೇಳದವರಿಲ್ಲ. ಹೆಚ್ಚಿನ ಔಷಧಗಳಿಗೆ ಆ ಮಾತು ಸರಿಯೇ. ಜನೌಷಧಿ ಕೇಂದ್ರದ ಮಾತ್ರೆಯೂ ಮಾತ್ರೆಯೇ, ಬಡವರಿಗೆ ಅದು ದೊಡ್ಡ ಆಸರೆ. ಆದರೆ ಫಿಟ್ಸ್ ಮಾತ್ರೆಯಲ್ಲಿ ಹದದ ಗೆರೆ ತೆಳ್ಳಗಿರುತ್ತದೆ.

1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫಿನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಜನ ಇದ್ದಕ್ಕಿದ್ದಂತೆ ತೂರಾಡತೊಡಗಿದರು, ಕಣ್ಣು ಮಂಜಾಗತೊಡಗಿತು. ಡೋಸ್ ಬದಲಾಗಿರಲಿಲ್ಲ. ಹುಡುಕಿದರೆ, ಬದಲಾಗಿದ್ದು ಕ್ಯಾಪ್ಸೂಲಿನಲ್ಲಿ ಔಷಧದ ಜತೆ ತುಂಬುವ ಪುಡಿ. ಕ್ಯಾಲ್ಸಿಯಂ ಸಲ್ಫೇಟ್ ಇದ್ದ ಕಡೆ ಲ್ಯಾಕ್ಟೋಸ್ ಬಂದಿತ್ತು. ಮೊದಲಿನ ಪುಡಿ ಔಷಧದ ಒಂದಷ್ಟು ಪಾಲು ಮೈಗೆ ಹತ್ತದಂತೆ ತಡೆಯುತ್ತಿತ್ತು. ಹೊಸ ಪುಡಿ ತಡೆಯಲಿಲ್ಲ. ಅಷ್ಟರಿಂದಲೇ ಅಷ್ಟು ಜನರ ಮೈ ಹದ ತಪ್ಪಿತು. ಆದ್ದರಿಂದ ಒಂದು ಕಂಪನಿಯ ಮಾತ್ರೆಗೆ ಹೊಂದಿಕೊಂಡ ಮೇಲೆ ಆದಷ್ಟು ಅದರಲ್ಲೇ ಇರುವುದು ಮೇಲು. ಬದಲಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ಎರಡು ವಾರ ಮೈಮೇಲೆ ಗಮನವಿಟ್ಟು.

ಸ್ಟ್ರಿಪ್‌ನ ಮುಂದಿನ ದೊಡ್ಡ ಹೆಸರನ್ನಲ್ಲ, ಕೆಳಗೆ ಸಣ್ಣಗೆ ಬರೆದ ಔಷಧದ ಹೆಸರನ್ನೂ ಮಿಲಿಗ್ರಾಂ ಸಂಖ್ಯೆಯನ್ನೂ ಓದಿ. ನಮ್ಮ ಜನ ‘ಪವರ್’ ಎನ್ನುವುದು ಅದನ್ನೇ. 200 ಇದ್ದದ್ದು 500 ಆಗಿ ಮನೆಗೆ ಬರಬಾರದು. ವಾಲ್ಪ್ರೊಯೇಟ್, ಕಾರ್ಬಮಜೆಪಿನ್‌ಗಳಲ್ಲಿ ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳಿವೆ, ಹೆಸರಿನ ಕೊನೆಗೆ ಸಿಆರ್, ಕ್ರೋನೋ ಎಂದೇನೋ ಇರುತ್ತದೆ. ಅದನ್ನು ಕುಟ್ಟಿ ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರೆ ದಿನವಿಡೀ ಕರಗಬೇಕಾದದ್ದು ಒಂದೇ ಸಲಕ್ಕೆ ರಕ್ತಕ್ಕಿಳಿಯುತ್ತದೆ. ಮಗುವಿಗೆ ಕೊಡುವ ಫಿನಿಟಾಯಿನ್ ಸಿರಪ್‌ನಲ್ಲಿ ಔಷಧ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಬಾಟಲಿ ಹೊಸದಿದ್ದಾಗ ಮಗುವಿಗೆ ಫಿಟ್ಸ್ ಬರುತ್ತದೆ, ಬಾಟಲಿ ಮುಗಿಯುತ್ತ ಬಂದಾಗ ಮಗು ತೂರಾಡುತ್ತದೆ. ಮನೆಯ ಚಮಚವೂ ಅಳತೆಯಲ್ಲ. ಸಿರಪ್ ಜತೆ ಬರುವ ಅಳತೆ ಮುಚ್ಚಳವೋ ಸಿರಿಂಜೋ ಇರಲಿ.

ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದು ತರಬೇಕು. ಫಿನೋಬಾರ್ಬಿಟೋನ್ ಮಾದಕವಸ್ತು ಕಾನೂನಿನ ಪಟ್ಟಿಯಲ್ಲಿರುವ ಔಷಧ, ಎಲ್ಲ ಅಂಗಡಿಯವರೂ ಇಟ್ಟುಕೊಳ್ಳುವುದಿಲ್ಲ. ಭಾನುವಾರ ಸಂಜೆ ಕೊನೆಯ ಮಾತ್ರೆ ನುಂಗಿ ಸೋಮವಾರ ಹುಡುಕುತ್ತ ಹೊರಟವರ ಪಾಡು ಬೇಡ. ಊರಿಗೆ ಹೊರಟಾಗ ಮಾತ್ರೆ ಕೈಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಲ್ಲ.

ಇನ್ನೊಂದು ಮಾತು. ‘ನಮ್ಮನೆಯವರಿಗೂ ಫಿಟ್ಸೇ, ಇದ್ರಲ್ಲಿ ವಾಸಿಯಾಯ್ತು’ ಎಂದು ಯಾರಾದರೂ ಪ್ರೀತಿಯಿಂದ ಕೊಟ್ಟ ಮಾತ್ರೆಯನ್ನು ಮುಟ್ಟಬೇಡಿ. ಮೂರ್ಛೆಯಲ್ಲಿ ಬಗೆಗಳಿವೆ. ಒಂದು ಬಗೆಗೆ ಒಳ್ಳೆಯ ಔಷಧವಾದ ಕಾರ್ಬಮಜೆಪಿನ್, ಅಕ್ಕನಿಗಿರುವ ಬಗೆಯಲ್ಲಿ ಕೈ ಎಗರುವುದನ್ನು ಇನ್ನಷ್ಟು ಹೆಚ್ಚಿಸಬಲ್ಲದು.

ತೂರಾಡಿದ ಹಿರಿಯರು

ನಮ್ಮೂರಿನಲ್ಲಿ ಹಿರಿಯರೊಬ್ಬರು ಬಹಳ ವರ್ಷ ಫಿನಿಟಾಯಿನ್ ನುಂಗಿದವರು. ಒಂದು ಯುಗಾದಿ ಕಳೆದ ಮೇಲೆ ಅವರು ಬೀದಿಯಲ್ಲಿ ಗೋಡೆ ಹಿಡಿದು ನಡೆಯತೊಡಗಿದರು, ಮಾತು ತೊದಲಿತು. ‘ಈ ವಯಸ್ಸಲ್ಲಿ ಕುಡಿಯೋದು ಕಲಿತವ್ರೆ’ ಎಂದು ಊರು ಆಡಿಕೊಂಡಿತು. ಆ ಮನುಷ್ಯ ಹೆಂಡದ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಒಂದು ಸಲ ಫಿಟ್ಸ್ ಬಂತೆಂದು ತಾವೇ ದಿನಕ್ಕೆ ಒಂದು ಮಾತ್ರೆ ಜಾಸ್ತಿ ಮಾಡಿಕೊಂಡಿದ್ದರು, ಅಷ್ಟೆ. ಫಿನಿಟಾಯಿನ್‌ನ ಗುಣವೇ ಹಾಗೆ. ಒಂದು ಮಟ್ಟದವರೆಗೆ ಈಲಿ ಅದನ್ನು ಒಡೆದು ಹೊರಹಾಕುತ್ತದೆ. ಆ ಮಟ್ಟ ಮುಟ್ಟಿದ ಮೇಲೆ ಸ್ವಲ್ಪ ಏರಿಸಿದರೂ ರಕ್ತದಲ್ಲಿ ವಿಪರೀತ ಏರುತ್ತದೆ. ಡೋಸ್ ಸರಿ ಮಾಡಿದ ಮೇಲೆ ಅವರು ಮತ್ತೆ ನೆಟ್ಟಗೆ ನಡೆದರು. ಊರು ಆಡಿದ ಮಾತು ಮಾತ್ರ ಅವರ ಮನಸ್ಸಿನಿಂದ ಹೋಗಲಿಲ್ಲ. ಅವರಿಗೆ ಫಿಟ್ಸ್ ಇದೆಯೆಂದೇ ಊರಿಗೆ ಗೊತ್ತಿರಲಿಲ್ಲ, ಯಾರನ್ನು ದೂರುವುದು?

ತೂರಾಟ, ಎರಡೆರಡಾಗಿ ಕಾಣುವುದು, ವಿಪರೀತ ನಿದ್ದೆ, ಇವು ಡೋಸ್ ಹೆಚ್ಚಾಗಿದೆ ಎನ್ನುವ ಸೂಚನೆಗಳು. ಬೇರೆ ತೊಂದರೆಗಳು ಮೆಲ್ಲಗೆ ಬರುತ್ತವೆ. ಫಿನಿಟಾಯಿನ್‌ನಿಂದ ವಸಡು ಬೆಳೆದು ಹಲ್ಲನ್ನು ಮುಚ್ಚತೊಡಗಬಹುದು. ದಿನಕ್ಕೆರಡು ಸಲ ಹಲ್ಲುಜ್ಜಿದರೆ, ಹಲ್ಲಿನ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿದರೆ ಎಷ್ಟೋ ಹಗುರಾಗುತ್ತದೆ. ಫಿನಿಟಾಯಿನ್, ಫಿನೋಬಾರ್ಬಿಟೋನ್‌ಗಳನ್ನು ಬಹಳ ವರ್ಷ ನುಂಗಿದವರ ಮೂಳೆ ಸವೆಯಬಹುದು, ವಿಟಮಿನ್ ಡಿ ನೋಡಿಸಿಕೊಳ್ಳಬೇಕು. ವಾಲ್ಪ್ರೊಯೇಟ್‌ನಲ್ಲಿ ತೂಕ ಏರುವುದು, ಕೂದಲು ಉದುರುವುದು ಸಾಮಾನ್ಯ. ಅಪರೂಪಕ್ಕೆ ಈಲಿಗೆ ಪೆಟ್ಟಾಗುತ್ತದೆ, ಪುಟ್ಟ ಮಕ್ಕಳಲ್ಲಿ ಆ ಭಯ ಹೆಚ್ಚು. ಬಿಡದ ವಾಂತಿ, ಹೊಟ್ಟೆನೋವು, ಕಾಮಾಲೆ, ಮಂಪರು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಟೊಪಿರಮೇಟ್ ನುಂಗುವವರಿಗೆ ಬೆವರು ಕಡಿಮೆಯಾಗಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಆ ಮಗುವನ್ನು ಬಿಸಿಲಿಗೆ ಬಿಡಬಾರದು, ನೀರು ಹೆಚ್ಚು ಕುಡಿಸಬೇಕು.

ಮನಸ್ಸಿನ ಮಾತನ್ನು ಜನ ಹೇಳಿಕೊಳ್ಳುವುದೇ ಇಲ್ಲ. ಲೆವೆಟಿರಾಸಿಟಮ್ ಇವತ್ತು ಬಹಳ ಬಳಕೆಯಲ್ಲಿರುವ, ಬಹಳ ಜನರಿಗೆ ಒಗ್ಗುವ ಔಷಧ. ಆದರೆ ಕೆಲವರಲ್ಲಿ ಅದು ಸಿಡುಕು, ಕೋಪ, ಖಿನ್ನತೆ ತರುತ್ತದೆ. ಸೌಮ್ಯವಾಗಿದ್ದ ಹುಡುಗ ಮಾತ್ರೆ ಬದಲಾದ ತಿಂಗಳಲ್ಲಿ ತಟ್ಟೆ ಎಸೆಯತೊಡಗಿದರೆ ಅವನಿಗೆ ಹೊಡೆಯಬೇಡಿ, ಡಾಕ್ಟರಿಗೆ ಹೇಳಿ. ಫಿಟ್ಸ್ ಔಷಧಗಳನ್ನು ತೆಗೆದುಕೊಳ್ಳುವವರಲ್ಲಿ ಸಾಯುವ ಯೋಚನೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಎಚ್ಚರಿಸಿದೆ. ಅಂಥದ್ದು ಅಪರೂಪ. ಆದರೂ ಮನೆಯವರಿಗೆ ಗೊತ್ತಿದ್ದರೆ ‘ಯಾಕಪ್ಪ ಮಂಕಾಗಿದೀಯ’ ಎಂದು ಸಮಯಕ್ಕೆ ಕೇಳುತ್ತಾರೆ.

ತಡಮಾಡದೆ ಮಾತ್ರೆ ನಿಲ್ಲಿಸಬೇಕಾದ ಒಂದು ಸಂದರ್ಭವಿದೆ. ಕಾರ್ಬಮಜೆಪಿನ್, ಫಿನಿಟಾಯಿನ್, ಲ್ಯಾಮೊಟ್ರಿಜಿನ್ ಹೊಸದಾಗಿ ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕೆಂಪು ಗಂಧೆ, ಜತೆಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಗಾಗುವುದು ಕಂಡರೆ ಅದನ್ನು ‘ಅಮ್ಮ’ ಎಂದೋ ‘ಉಷ್ಣ’ ಎಂದೋ ಬೇವಿನ ಸೊಪ್ಪು ಹಾಸಿ ಮಲಗಿಸಬೇಡಿ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಈ ತೊಂದರೆಯಲ್ಲಿ ಚರ್ಮ ಸುಟ್ಟ ಹಾಗೆ ಸುಲಿಯುತ್ತದೆ. ಮುಂದಿನ ಮಾತ್ರೆ ನುಂಗದೆ, ಸ್ಟ್ರಿಪ್ ಕೈಯಲ್ಲಿ ಹಿಡಿದು ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಅದರ ಬದಲು ಯಾವ ಮಾತ್ರೆ ಎಂದು ಅಲ್ಲೇ ನಿರ್ಧರಿಸುತ್ತಾರೆ. ಏಷ್ಯಾದ ಕೆಲವು ಜನರಲ್ಲಿ ಒಂದು ನಿರ್ದಿಷ್ಟ ಜೀನ್ ಇದ್ದರೆ ಕಾರ್ಬಮಜೆಪಿನ್‌ನಿಂದ ಈ ಅಪಾಯ ಹೆಚ್ಚೆಂದು ಗೊತ್ತಾಗಿದೆ, ಅದಕ್ಕೆ ರಕ್ತಪರೀಕ್ಷೆಯೂ ಇದೆ. ಲ್ಯಾಮೊಟ್ರಿಜಿನ್ ಅನ್ನು ವಾರಗಟ್ಟಲೆ ಇಷ್ಟಿಷ್ಟೇ ಏರಿಸುವುದೂ ಈ ಕಾರಣಕ್ಕೇ. ‘ಡಾಕ್ಟ್ರು ಬಹಳ ನಿಧಾನ’ ಎಂದು ನೀವೇ ಏರಿಸಿಕೊಳ್ಳಬೇಡಿ.

ಕರ್ಪೂರ, ಕೆಮ್ಮು, ಭೇದಿ

ಬೇರೆ ಕಾಯಿಲೆಗೆ ಬೇರೆ ಡಾಕ್ಟರ ಹತ್ತಿರ ಹೋದಾಗ ಫಿಟ್ಸ್ ಮಾತ್ರೆಯ ವಿಷಯ ಬಾಯಿಬಿಡದವರು ಬಹಳ. ಆದರೆ ಔಷಧಗಳು ಒಂದಕ್ಕೊಂದು ಅಡ್ಡಗಾಲು ಹಾಕುತ್ತವೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ರಕ್ತದಲ್ಲಿ ಫಿನಿಟಾಯಿನ್ ಏರಿಸುತ್ತದೆ, ಅದರ ಜತೆಗೇ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಗಂಟಲುನೋವಿಗೆ ಬರೆಯುವ ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಕಾರ್ಬಮಜೆಪಿನ್ ಮಟ್ಟವನ್ನು ಮೇಲೇರಿಸಿ ತೂರಾಡಿಸುತ್ತವೆ. ಐಸಿಯುನಲ್ಲಿ ಹಾಕುವ ಮೆರೊಪೆನೆಮ್ ಇಂಜೆಕ್ಷನ್ ವಾಲ್ಪ್ರೊಯೇಟ್ ಅನ್ನು ಒಂದೆರಡು ದಿನದಲ್ಲೇ ತಳಕ್ಕಿಳಿಸುತ್ತದೆ. ಭೇದಿಯಾದಾಗ ಅಂಗಡಿಯವರೇ ಎತ್ತಿ ಕೊಡುವ ಓಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳು, ಸೊಂಟನೋವಿಗೆ ಕೊಡುವ ಟ್ರಮಡಾಲ್ ತಾವಾಗಿಯೇ ಫಿಟ್ಸ್ ಬರಿಸಬಲ್ಲವು. ಸಾಲದ್ದಕ್ಕೆ ಭೇದಿ ವಾಂತಿಯಲ್ಲಿ ನುಂಗಿದ ಮಾತ್ರೆಯೂ ಹೊರಗೆ ಹೋಗಿರುತ್ತದೆ.

ಕರ್ಪೂರವನ್ನು ಇಲ್ಲಿ ನೆನೆಯಲೇಬೇಕು. ಕರ್ಪೂರ, ನೀಲಗಿರಿ ಎಣ್ಣೆ ಇರುವ ಬಾಮುಗಳು, ಎಣ್ಣೆಗಳು ಫಿಟ್ಸ್ ತರಿಸುತ್ತವೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ಅಧ್ಯಯನ ಮಾಡಿ ಬರೆದಿದ್ದಾರೆ. ಶೀತವಾಯಿತೆಂದು ಮಗುವಿನ ಎದೆಗೆ ಕರ್ಪೂರದ ಎಣ್ಣೆ ತಿಕ್ಕುವುದು, ಬಿಸಿನೀರಿಗೆ ನೀಲಗಿರಿ ಎಣ್ಣೆ ಬಿಟ್ಟು ಹಬೆ ಹಿಡಿಸುವುದು ನಮ್ಮ ಎಲ್ಲ ಮನೆಗಳ ಪದ್ಧತಿ. ಫಿಟ್ಸ್ ಇರುವವರ ಮನೆಯಲ್ಲಿ ಅದನ್ನು ಬಿಡಬೇಕು.

‘ಆಯುರ್ವೇದಿಕ್ ಪುಡಿ, ಸೈಡ್ ಎಫೆಕ್ಟೇ ಇಲ್ಲ’ ಎಂದು ಅಂಚೆಯಲ್ಲಿ ತರಿಸುವ ಪೊಟ್ಟಣಗಳ ಬಗ್ಗೆ ನನಗೆ ಸಿಟ್ಟಿದೆ. ಇಂಥ ಪುಡಿಗಳಲ್ಲಿ ಫಿನೋಬಾರ್ಬಿಟೋನ್ ಬೆರೆಸಿದ್ದು ದೇಶದಲ್ಲಿ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಪುಡಿಯಿಂದ ಫಿಟ್ಸ್ ನಿಂತಿತೆಂದು ನಂಬಿದವರು ನಿಜಕ್ಕೂ ನುಂಗುತ್ತಿದ್ದುದು ಅದೇ ಇಂಗ್ಲಿಷ್ ಮಾತ್ರೆ, ಅಳತೆಯಿಲ್ಲದೆ. ಪೊಟ್ಟಣ ಮುಗಿದು ಮುಂದಿನದು ಬರುವುದು ತಡವಾದರೆ ಅದು ಒಮ್ಮೆಲೇ ನಿಲ್ಲಿಸಿದ ಹಾಗೆಯೇ.

ಹೆಣ್ಣುಮಗಳ ಮಾತ್ರೆ

ಅಕ್ಕನ ಮದುವೆಯ ಕಾಲಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲೇ ಹುಚ್ಚಿನ ಪಕ್ಕದಲ್ಲಿ ಮೂರ್ಛೆರೋಗದ ಹೆಸರಿತ್ತು. ಪದೇ ಪದೇ ಮೂರ್ಛೆ ಬರುವವರ ಮದುವೆಯನ್ನು ಅಸಿಂಧುಗೊಳಿಸಿಕೊಳ್ಳಬಹುದಿತ್ತು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಿದರು. ಅಪ್ಪ ಮುಚ್ಚಿಟ್ಟಿದ್ದು ತಪ್ಪು, ಆದರೆ ಅವರ ಭಯ ಬರೀ ನೆರೆಹೊರೆಯ ಬಾಯಿಯದಾಗಿರಲಿಲ್ಲ. ಇವತ್ತು ಆ ಕಾನೂನಿಲ್ಲ. ಮುಚ್ಚಿಡುವುದು ಮಾತ್ರ ಉಳಿದಿದೆ.

ಮದುವೆಗೆ ಮುಂಚೆ ಹೆಣ್ಣುಮಕ್ಕಳು ಡಾಕ್ಟರನ್ನು ಕಾಣಲೇಬೇಕಾದ ಕಾರಣ ಅಕ್ಕನ ಮಾತ್ರೆಯೇ. ಗರ್ಭಿಣಿ ವಾಲ್ಪ್ರೊಯೇಟ್ ನುಂಗಿದರೆ ಹತ್ತರಲ್ಲಿ ಒಂದು ಮಗುವಿಗೆ ಬೆನ್ನುಹುರಿ, ಹೃದಯ, ಅಂಗುಳದಂಥ ಕಡೆ ಹುಟ್ಟುದೋಷ ಬರಬಹುದು. ನೂರರಲ್ಲಿ 30ರಿಂದ 40 ಮಕ್ಕಳ ಮಾತು, ಕಲಿಕೆ, ಬೆಳವಣಿಗೆ ಹಿಂದೆ ಬೀಳಬಹುದು. ಬ್ರಿಟನ್‌ನಲ್ಲಿ 2018ರಿಂದ ಇದಕ್ಕೆ ಬಿಗಿಯಾದ ನಿಯಮವಿದೆ; ಹೆರುವ ವಯಸ್ಸಿನ ಹೆಂಗಸರಿಗೆ ಇದನ್ನು ಬರೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್ ಈ ವಿಷಯದಲ್ಲಿ ಎಷ್ಟೋ ಮೇಲು. ಬದಲಿಸುವುದಿದ್ದರೆ ಬಸಿರಿಗೆ ತಿಂಗಳುಗಳ ಮುಂಚೆ ಬದಲಿಸಬೇಕು, ಫೋಲಿಕ್ ಆಸಿಡ್ ಕೂಡ ಮುಂಚೆಯೇ ಶುರುವಾಗಬೇಕು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಬಸಿರಿನ ಮೊದಲ ನಾಲ್ಕಾರು ವಾರಗಳಲ್ಲಿ, ಅಂದರೆ ಎಷ್ಟೋ ಜನರಿಗೆ ತಾವು ಬಸಿರೆಂದು ಖಚಿತವಾಗುವ ಮುಂಚೆಯೇ.

ಇದನ್ನು ಓದಿ ಹೆದರಿ, ಬಸಿರಾದ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ದೊಡ್ಡ ಫಿಟ್ಸ್ ತಾಯಿಯ ಜತೆ ಮಗುವಿನ ಉಸಿರನ್ನೂ ಕಟ್ಟಿಸುತ್ತದೆ. ಆ ವಾರವೇ ಡಾಕ್ಟರನ್ನು ಕಾಣಿ, ಅಲ್ಲಿಯವರೆಗೆ ನುಂಗುತ್ತಿರಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆಯಿರುವ ಗರ್ಭಿಣಿಯರ ದಾಖಲೆ ಇಡುತ್ತ ಬಂದಿದ್ದಾರೆ. ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಹೆಚ್ಚಿನ ಮಾತ್ರೆಗಳಲ್ಲಿ ಎದೆಹಾಲೂ ಕೊಡಬಹುದು.

ಮಕ್ಕಳು ಸದ್ಯಕ್ಕೆ ಬೇಡ ಎನ್ನುವವರಿಗೂ ಒಂದು ಎಚ್ಚರ. ಫಿನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ದಿನವೂ ತಪ್ಪದೆ ಮಾಲಾ-ಡಿ ನುಂಗಿಯೂ ಬಸಿರಾದವರ ಮೇಲೆ ಮನೆಯವರು ಅನುಮಾನ ಪಡುವುದು ಅನ್ಯಾಯ. ಇಂಥವರಿಗೆ ಕಾಪರ್-ಟಿ ಸರಿಹೋಗುತ್ತದೆ. ಲ್ಯಾಮೊಟ್ರಿಜಿನ್‌ನದು ಇದರ ತಿರುವುಮುರುವು: ಗುಳಿಗೆಯೇ ಅದರ ಮಟ್ಟವನ್ನು ಇಳಿಸುತ್ತದೆ.

ಅಕ್ಕನ ವಿಷಯಕ್ಕೆ ಬಂದರೆ, ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ಕೈಮುಗಿದು ಎಲ್ಲ ಹೇಳಿದರು. ಭಾವನ ತಾಯಿ ಎರಡು ದಿನ ಮಾತಾಡಲಿಲ್ಲ. ಭಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು, ಅದೂ ಡಾಕ್ಟರನ್ನು: ‘ಎಷ್ಟೊತ್ತಿಗೆ ಕೊಡ್ಬೇಕು ಸಾರ್?’ ಎರಡು ವರ್ಷದ ನಂತರ ಮಗುವಿನ ಯೋಚನೆ ಬಂದಾಗ ಇಬ್ಬರೂ ಮುಂಚೆಯೇ ಮೈಸೂರಿಗೆ ಹೋದರು. ಆಗ ಬೇರೆ ಮಾತ್ರೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಡಾಕ್ಟರು ಡೋಸನ್ನು ಆದಷ್ಟು ಇಳಿಸಿ, ಫೋಲಿಕ್ ಆಸಿಡ್ ಕೊಟ್ಟು, ಸ್ಕ್ಯಾನ್ ಮಾಡಿಸುತ್ತ ಕಾಪಾಡಿದರು. ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಇವತ್ತಾಗಿದ್ದರೆ ಮದುವೆಗೆ ಮುಂಚೆಯೇ ಮಾತ್ರೆ ಬದಲಿಸುತ್ತಿದ್ದರು. ಮಗುವಿಗೆ ನೀರೆರೆಯುವಾಗ ಅಕ್ಕ ಒಬ್ಬಳೇ ಇರುತ್ತಿರಲಿಲ್ಲ. ರಾತ್ರಿಯ ಒಂದು ಹಾಲು ಭಾವನ ಪಾಲಿಗೆ, ಅವಳ ನಿದ್ದೆ ಕೆಡದಿರಲೆಂದು.

ಬಚ್ಚಲು, ಬೈಕು

ನಮ್ಮ ಮೈಸೂರು ಮಂಡ್ಯ ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯಿದೆ. ತಲೆಗೆ ಸುಡುಸುಡು ನೀರು ಸುರಿದುಕೊಂಡಾಗ ಬರುವ ಮೂರ್ಛೆ. ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಪಿ. ಸತೀಶ್ಚಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಹಂಡೆಯ ಕುದಿನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಸುರಿಯುವ ಎಣ್ಣೆಸ್ನಾನ ನಮ್ಮ ಹಬ್ಬದ ಸುಖ. ಆದರೆ ಇವರು ಉಗುರುಬೆಚ್ಚಗಿನ ನೀರಿಗೆ ಇಳಿಯಬೇಕು. ಕೆಲವರಿಗೆ ದಿನವೂ ಮಾತ್ರೆ ಬೇಡ, ತಲೆಸ್ನಾನಕ್ಕೆ ಒಂದು ಒಂದೂವರೆ ಗಂಟೆ ಮುಂಚೆ ಕ್ಲೋಬಜಾಮ್ ನುಂಗಿದರೆ ಸಾಕೆಂದು ಡಾಕ್ಟರು ಬರೆದುಕೊಡುವುದುಂಟು. ಯಾವ ಬಗೆಯ ಫಿಟ್ಸ್ ಇದ್ದರೂ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ.

ಚಾಲನಾ ಪರವಾನಗಿಯ ನಮೂನೆ 1ರಲ್ಲಿ ಮೂರ್ಛೆರೋಗ ಇದೆಯೇ ಎಂಬ ಪ್ರಶ್ನೆಯೇ ಇದೆ. ಎಷ್ಟೋ ಹುಡುಗರು ಇಲ್ಲ ಎಂದು ಗುರುತು ಹಾಕಿ ಬೈಕು ಹತ್ತುತ್ತಾರೆ. ಕಾನೂನು ಇನ್ನಷ್ಟು ಉದಾರವಾಗಬೇಕು, ವರ್ಷಗಟ್ಟಲೆ ಫಿಟ್ಸ್ ಬರದವರಿಗೆ ದಾರಿ ಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಹಿಂದಿನ ಸೀಟು.

ಇಷ್ಟಾಗಿಯೂ ಫಿಟ್ಸ್ ಬಂದರೆ? ಕೈಗೆ ಬೀಗದ ಕೈ ಬೇಡ, ಮೂಗಿಗೆ ಈರುಳ್ಳಿ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ಬಾಯಿಗೆ ಚಮಚ, ನೀರು, ಆ ದಿನದ ತಪ್ಪಿದ ಮಾತ್ರೆ ಯಾವುದನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ, ತಲೆಯಡಿ ಟವೆಲು ಮಡಚಿಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಟ್ಟುಕೊಳ್ಳಬೇಕೇ ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನಿಮ್ಹಾನ್ಸ್ ಜತೆ ಸೇರಿ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳಿನ ಆರೋಗ್ಯದ ಯೋಜನೆಯಿಂದ ಈಗ ಜಿಲ್ಲಾಸ್ಪತ್ರೆಗಳಲ್ಲೂ ಮೂರ್ಛೆಯನ್ನೂ ನೋಡುವ ಕ್ಲಿನಿಕ್‌ಗಳು ಬಂದಿವೆ. ಬೆಂಗಳೂರಿನ ಬಸ್ಸು ಹಿಡಿಯಲೇಬೇಕೆಂದಿಲ್ಲ.

ಹೋದ ವರ್ಷ ಅಕ್ಕನ ಮಗಳ ಮದುವೆಯಾಯಿತು. ಅದೇ ಜಿಲ್ಲೆ, ಅದೇ ಬಿಸಿಲು. ಆರತಕ್ಷತೆಯ ರಾತ್ರಿ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಹೊಸ ಬೀಗಿತಿಯ ಪಕ್ಕ ಕೂತು ಮಾತಾಡುತ್ತಿದ್ದಳು. ಎಂಟು ಗಂಟೆಗೆ ಭಾವ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಸ್ಟ್ರಿಪ್. ‘ತಗೋ, ಟೈಮಾಯ್ತು.’ ಅಕ್ಕ ಅಲ್ಲೇ ಸ್ಟ್ರಿಪ್ ಒತ್ತಿ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡಳು.

‘ಬಿಪಿದಾ?’ ಎಂದರು ಬೀಗಿತಿ.

‘ಇಲ್ಲ, ಫಿಟ್ಸಿಂದು. ಹದಿನಾರನೇ ವಯಸ್ಸಿಂದ ತಗೋತಿದೀನಿ’ ಎಂದು ಅಕ್ಕ ಲೋಟ ವಾಪಸ್ ಕೊಟ್ಟು, ‘ಹತ್ತಕ್ಕೆಲ್ಲ ಮಲಗ್ತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡಿ’ ಎಂದಳು. ಅವರು ಅವಳ ಕೈಯ ಬಳೆ ನೋಡುತ್ತ ಎಲ್ಲಿ ಮಾಡಿಸಿದ್ದೆಂದು ಕೇಳಿದರು.